ಹೆಂಚಿನ ಮಾಡು, ಅಗ್ಗದ ಫೋನು: ಗೇಮ್ ಗ್ರಾಫಿಕ್ಸ್ ಖರ್ಚಿಗೆ ನಾವು ಹಾಕಿದ ಕಡಿವಾಣ

ಗೇಮ್‌ನ ಖರ್ಚು ಏರುವುದು ಮುಖ್ಯವಾಗಿ ಸಂಬಳದಿಂದ. 2023ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಬಯಲಾದ ಸೋನಿ ದಾಖಲೆಗಳ ಪ್ರಕಾರ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ ಎಂಬ ಗೇಮ್‌ಗೆ ತಗುಲಿದ್ದು ಸುಮಾರು 22 ಕೋಟಿ ಡಾಲರ್. ಮಂಗಳೂರಿನ ಪುಟ್ಟ ತಂಡಕ್ಕೆ ಆ ದಾರಿ ಆಗಿಬರುವುದಿಲ್ಲ. ಕರಾವಳಿಯ ಊರೊಂದನ್ನು ತೋರಿಸುವ ನಮ್ಮ ಗೇಮ್‌ಗೆ ಮೊದಲೇ ಗೆರೆ ಎಳೆದೆವು: 3 ಜಿಬಿ ರ‍್ಯಾಮ್‌ನ ಫೋನಿನಲ್ಲಿ ಸೆಕೆಂಡಿಗೆ 30 ಫ್ರೇಮ್ (ಚಿತ್ರ), ಅಂದರೆ ಫ್ರೇಮಿಗೆ 33 ಮಿಲಿಸೆಕೆಂಡ್. ಅದರೊಳಗೆ ಕೂರದ್ದು ಎಷ್ಟು ಚೆಂದವಿದ್ದರೂ ಬೇಡ.

ಹೆಂಚಿನ ಮಾಡೇ (ಚಾವಣಿಯೇ) ದೊಡ್ಡ ತಲೆನೋವು. ಗೇಮ್‌ನ ಆಕಾರಗಳನ್ನು ಕಟ್ಟುವುದು ಪುಟ್ಟ ತ್ರಿಕೋನಗಳಿಂದ. ಮನೆಗೆ 2,000 ಹೆಂಚು, ಹೆಂಚಿಗೆ 150 ತ್ರಿಕೋನ ಎಂದಿಟ್ಟುಕೊಂಡರೂ ಮಾಡೊಂದಕ್ಕೇ 3 ಲಕ್ಷ. ಹಾಗಾಗಿ 3ಡಿ ತಂತ್ರಾಂಶ ಬ್ಲೆಂಡರ್‌ನಲ್ಲಿ ಒಂದೇ ಹೆಂಚನ್ನು ವಿವರವಾಗಿ ಮಾಡಿ, ಅದರ ಉಬ್ಬುತಗ್ಗನ್ನು ನಾರ್ಮಲ್ ಮ್ಯಾಪಿಗೆ, ಅಂದರೆ ಉಬ್ಬುತಗ್ಗಿನ ಭ್ರಮೆ ಹುಟ್ಟಿಸುವ ಚಿತ್ರಕ್ಕೆ, ಬೇಕ್ ಮಾಡಿ (ಅಚ್ಚೊತ್ತಿ), ಚಪ್ಪಟೆ ಮಾಡಿನ ಮೇಲೆ ಹಾಸಿದೆವು. ಒಂಟಿ ಹೆಂಚನ್ನು ಬೇಕ್ ಮಾಡಿದರೆ ಅಂಚುಗಳು ಕೂಡದೆ ಮಾಡಿನುದ್ದಕ್ಕೂ ಗೆರೆ ಬೀಳುತ್ತದೆ. ಅದೇ ಹೆಂಚಿನ ಒಂಬತ್ತು ಪ್ರತಿ ಜೋಡಿಸಿ ನಡುವಿನದನ್ನು ಮಾತ್ರ ತೆಗೆದುಕೊಳ್ಳಬೇಕು. ತ್ರಿಕೋನಗಳಿಂದ ಕಟ್ಟಿದ ನಿಜವಾದ ಹೆಂಚು ಇಟ್ಟದ್ದು ಎರಡೇ ಕಡೆ, ಸೂರಿನ ಕೊನೆಯ ಸಾಲು ಮತ್ತು ನೆತ್ತಿಯ ಸಾಲು. ಆಕಾಶದ ಎದುರು ಅಂಚು ಹಲ್ಲುಹಲ್ಲಾಗಿ ಕಂಡರೆ ಉಳಿದದ್ದನ್ನು ಕಣ್ಣೇ ತುಂಬಿಕೊಳ್ಳುತ್ತದೆ. ಪಾಚಿಗೂ ಮಳೆಗಾಲದ ಕಪ್ಪಿಗೂ ಹೊಸ ಟೆಕ್ಸ್ಚರ್ (ಮೇಲ್ಮೈಗೆ ಹೊದಿಸುವ ಚಿತ್ರ) ಮಾಡಲಿಲ್ಲ, ವರ್ಟೆಕ್ಸ್ ಬಣ್ಣದಲ್ಲೇ, ಅಂದರೆ ತ್ರಿಕೋನದ ಮೂಲೆಗಳಿಗೆ ಕೊಡುವ ಬಣ್ಣದಲ್ಲೇ, ಬಳಿದೆವು. ಇಡೀ ಕೇರಿಗೆ ಒಂದೇ ಮೆಟೀರಿಯಲ್ (ಮೇಲ್ಮೈಯ ಬಣ್ಣ-ಹೊಳಪಿನ ವಿವರ). ಡ್ರಾ ಕಾಲ್, ಅಂದರೆ ಗ್ರಾಫಿಕ್ಸ್ ಚಿಪ್ಪಿಗೆ ಹೋಗುವ ‘ಬಿಡಿಸು’ ಆಜ್ಞೆಗಳ ಸಂಖ್ಯೆ, ತಾನಾಗಿ ಇಳಿಯಿತು. ಮುರಕಲ್ಲಿನ ಗೋಡೆಗೂ ಇದೇ ಉಪಾಯ.

ಉದ್ದಗಲ 4096 ಪಿಕ್ಸೆಲ್ಲಿನ ಟೆಕ್ಸ್ಚರ್ ಕುಗ್ಗಿಸದಿದ್ದರೆ 64 ಎಂಬಿ, 1024ರದ್ದು 4 ಎಂಬಿ. ಎಎಸ್‌ಟಿಸಿ ಎಂಬ ಕುಗ್ಗಿಸುವ ವಿಧಾನದ 6×6 ಪಿಕ್ಸೆಲ್ ಚೌಕದಲ್ಲಿ 1024ರದ್ದು ಅರ್ಧ ಎಂಬಿಗೂ ಕಡಿಮೆ. ಮಿಪ್‌ಮ್ಯಾಪ್ (ದೂರದ ನೋಟಕ್ಕೆ ಇಡುವ ಚಿಕ್ಕ ಪ್ರತಿಗಳು) ಸೇರಿದರೆ ಎಲ್ಲದಕ್ಕೂ ಮೂರನೇ ಒಂದು ಭಾಗ ಹೆಚ್ಚು. ನಾರ್ಮಲ್ ಮ್ಯಾಪಿಗೆ ಮಾತ್ರ 4×4 ಇಡಿ, ಇಲ್ಲದಿದ್ದರೆ ಹೊಳಪಿನ ಮೇಲೆ ಚೌಕಚೌಕ ಕಲೆ ಏಳುತ್ತದೆ. ಆದರೆ ದೊಡ್ಡ ಉಳಿತಾಯ ಮೆಮೊರಿಯದ್ದಲ್ಲ. 4096ರಲ್ಲಿ ಪ್ರತಿ ಗೀರನ್ನೂ ಬಿಡಿಸಲೇಬೇಕು, ಆಮೇಲೆ ವಿನ್ಯಾಸ ಬದಲಾದರೆ ಪುನಃ ಬಿಡಿಸಬೇಕು. 1024ರಲ್ಲಿ ಆ ಗೀರು ಕಾಣುವುದೇ ಇಲ್ಲ, ಅದಕ್ಕೆ ಕೂಲಿಯೂ ಇಲ್ಲ.

ತೆಂಗಿನ ಗರಿಯದ್ದು ತದ್ವಿರುದ್ಧ ಲೆಕ್ಕ. ನಾಲ್ಕು ಮೂಲೆಯ ಹಾಳೆಗೆ ಗರಿಯ ಚಿತ್ರ ಅಂಟಿಸಿದರೆ ತ್ರಿಕೋನ ಎರಡೇ, ಆದರೆ ಖಾಲಿ ಜಾಗವನ್ನೂ ಜಿಪಿಯು (ಗ್ರಾಫಿಕ್ಸ್ ಚಿಪ್) ಲೆಕ್ಕ ಹಾಕುತ್ತದೆ. ತೋಟದಲ್ಲಿ ಹತ್ತಾರು ಪದರ ಒಂದರ ಮೇಲೊಂದು ಬಂದಾಗ ಫ್ರೇಮ್ ಕುಸಿಯುತ್ತದೆ. ಗರಿಯ ಆಕಾರಕ್ಕೆ ಹತ್ತಿರವಾಗಿ 12–16 ತ್ರಿಕೋನಗಳಲ್ಲಿ ಕತ್ತರಿಸಿದರೆ ವೇಗ ವಾಪಸ್. ಮಳೆಗೆ ಬೇರೆ ಉಪಾಯ: ಸಾವಿರ ಹನಿಗಳ ಬದಲು, ಕ್ಯಾಮೆರಾದ ಸುತ್ತ ಎರಡು ಸಿಲಿಂಡರ್, ಅವುಗಳ ಮೇಲೆ ಬೇರೆಬೇರೆ ವೇಗದಲ್ಲಿ ಇಳಿಯುವ ಗೆರೆಗಳು.

ಉಳಿಸಿದ್ದನ್ನೆಲ್ಲ ಯಕ್ಷಗಾನ ವೇಷಕ್ಕೆ ಸುರಿದೆವು. ವೇಷದ ತಲೆಯುಡುಗೆಯಾದ ಕೇದಗೆ ಮುಂದಲೆಯನ್ನು ಸಪಾಟು ಮಾಡಿದರೆ ಉಡುಪಿಯವರು ಕ್ಷಮಿಸುವುದಿಲ್ಲ.

ಕೊನೆಯ ಪರೀಕ್ಷೆಯನ್ನು ಎಸಿ ಕೋಣೆಯಲ್ಲಿ ಮಾಡಬೇಡಿ. ಎಪ್ರಿಲ್ ಸೆಕೆಯಲ್ಲಿ ಫ್ಯಾನಿನಡಿ ಕುಳಿತು, ಗೇಮ್ ಅನ್ನು 20 ನಿಮಿಷ ಬಿಡದೆ ಓಡಿಸಿ. ಫೋನ್ ಬಿಸಿಯಾದಂತೆ ಪ್ರೊಸೆಸರ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಮೊದಲ ನಿಮಿಷದ ಅಳತೆ ಬಿಡಿ, ಇಪ್ಪತ್ತನೆಯ ನಿಮಿಷದ ಅಳತೆ 33 ಮಿಲಿಸೆಕೆಂಡಿನೊಳಗಿರಬೇಕು.