ಪಿಕಪ್ ಕೊಟ್ಟಾಗ ಮಾತ್ರ ಗರಗರ: ಸೀಮೆಸುಣ್ಣ ಹಚ್ಚಿ ಸದ್ದು ಹಿಡಿದೆ

ಸೀಮೆಸುಣ್ಣ ಹಚ್ಚಿ ಕಾರಿನ ಸದ್ದು ಹಿಡಿಯುತ್ತೇನೆ ಅಂದಾಗ ಮೆಕ್ಯಾನಿಕ್‌ಗಳು ಮುಖ ಮುಖ ನೋಡಿಕೊಂಡು ನಕ್ಕಿದ್ದರು. ಅವರಲ್ಲೊಬ್ಬರ ಟೂಲ್‌ಬಾಕ್ಸಿನಲ್ಲಿ ಈಗ ಒಂದು ತುಂಡು ಸೀಮೆಸುಣ್ಣ ಕಾಯಂ ಆಗಿ ಕೂತಿದೆ. ಹಾಗಾಗಿ ಇದನ್ನು ಬರೆಯುವ ಹುಮ್ಮಸ್ಸು ಬಂತು.

ಗಾಡಿ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ಎಂಜಿನ್ ಅಡ್ಡಡ್ಡ ಕೂತಿರುವುದು, ಎಳೆಯುವುದು ಮುಂದಿನ ಚಕ್ರ, ಗೇರು ಮ್ಯಾನ್ಯುಯಲ್. ಓಡಿದ್ದು ಲಕ್ಷ ಕಿ.ಮೀ. ಆಸುಪಾಸು. 2000ದಿಂದ 2600 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ನಡುವೆ ಕಾಲು ಒತ್ತಿದರೆ ಗರ್ರ್ ಅಂತ ತಗಡು ಅದುರುವ ಸದ್ದು. ಕಾಲು ತೆಗೆದರೆ ಮಾಯ. ನ್ಯೂಟ್ರಲ್‌ನಲ್ಲಿ ಎಷ್ಟು ರೇಸ್ ಮಾಡಿದರೂ ಇಲ್ಲ. ಎಲ್ಲರ ದಿಕ್ಕು ತಪ್ಪಿಸಿದ್ದು ಇದೇ. ಗಾಡಿ ಲಿಫ್ಟಿಗೇರಿಸುವುದು, ರೇಸ್ ಮಾಡುವುದು, ಸೈಲೆನ್ಸರ್ ಪೈಪು ಅಲ್ಲಾಡಿಸಿ ನೋಡುವುದು, ಆಮೇಲೆ ‘ಕೆಳಗೆ ಎಲ್ಲ ಗಟ್ಟಿ ಇದೆ, ಗೇರ್‌ಬಾಕ್ಸೇ ಇಳಿಸಬೇಕು’ ಅನ್ನುವುದು.

ಅದಕ್ಕೂ ಮುಂಚೆ ಸುರಿದ ದುಡ್ಡಿನ ಕಥೆ ಬೇರೆ. ನಾಕಿಂಗ್ (ಸಿಲಿಂಡರಿನೊಳಗೆ ಪೆಟ್ರೋಲ್ ಅಡ್ಡಾದಿಡ್ಡಿ ಸಿಡಿದು ಬರುವ ಸದ್ದು) ಅಂತ ಪ್ಲಗ್ ಬದಲಾಯಿತು, ಇಂಜೆಕ್ಟರ್ ಕ್ಲೀನಿಂಗ್ ಆಯಿತು, ದುಬಾರಿ ಪೆಟ್ರೋಲ್ ತುಂಬಿಸಿದ್ದಾಯಿತು. ಆಮೇಲೆ ವೀಲ್ ಬೇರಿಂಗ್ ಅಂದರು, ಅದೂ ಹೊಸದು ಬಂತು. ಸದ್ದು ಕೂದಲೆಳೆಯಷ್ಟೂ ಕಮ್ಮಿಯಾಗಲಿಲ್ಲ. ಗೇರ್‌ಬಾಕ್ಸ್ ಕೆಲಸಕ್ಕೆ ಹೇಳಿದ ಮೊತ್ತ ಕೇಳಿ ಗಾಡಿ ಮಾರಿಬಿಡುವ ಯೋಚನೆಯೂ ಬಂದಿತ್ತು. ಕೊನೆಗೆ ಬದಲಾಯಿಸಿದ ಸಾಮಾನಿನ ಬೆಲೆ ಆ ಮೊತ್ತದ ಇಪ್ಪತ್ತನೇ ಒಂದು ಪಾಲೂ ಇರಲಿಲ್ಲ.

ನಾನು ಮೊದಲು ಮಾಡಿದ್ದು ಖರ್ಚಿಲ್ಲದ ಕೆಲಸ. ಒಂದೇ ವೇಗದಲ್ಲಿ ಮೂರನೇ ಗೇರು, ನಾಲ್ಕನೇ ಗೇರು ಎರಡರಲ್ಲೂ ಓಡಿಸಿ ನೋಡಿದೆ. ಸದ್ದು ಆರ್‌ಪಿಎಂ ಹಿಂದೆ ಹೋಯಿತು, ವೇಗದ ಹಿಂದೆ ಹೋಗಲಿಲ್ಲ. ಅಲ್ಲಿಗೆ ಚಕ್ರ, ಬೇರಿಂಗ್, ಟೈರು ಎಲ್ಲ ಲೆಕ್ಕದಿಂದ ಹೊರಗೆ. ಬೇರಿಂಗ್ ಬದಲಾಯಿಸಿದವರು ಈ ಐದು ನಿಮಿಷದ ಪರೀಕ್ಷೆ ಮಾಡಿರಲಿಲ್ಲ ಅನ್ನುವುದು ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ನಡುವೆ ಮೊಬೈಲಿನಲ್ಲಿ ಸದ್ದಿನ ಗ್ರಾಫ್ ತೋರಿಸುವ ಆ್ಯಪ್ ಹಾಕಿಕೊಂಡು ಒಂದಿಷ್ಟು ಆಟ ಆಡಿದೆ. 2400 ಆರ್‌ಪಿಎಂ ಅಂದರೆ ಸೆಕೆಂಡಿಗೆ 40 ಸುತ್ತು, ನಾಲ್ಕು ಸಿಲಿಂಡರಿಗೆ ಸುತ್ತಿಗೆರಡು ಫೈರಿಂಗ್, ಒಟ್ಟು 80 ಹರ್ಟ್ಸ್. ಗ್ರಾಫಿನಲ್ಲಿ ಗೂಟ ಎದ್ದದ್ದು ಅಲ್ಲೇ, ಮೇಲಕ್ಕೆ ಅದರ ಗುಣಕಗಳಲ್ಲಿ ಇನ್ನಷ್ಟು. ನಾಕಿಂಗ್ ಆಗಿದ್ದರೆ ಆರೇಳು ಸಾವಿರ ಹರ್ಟ್ಸ್ ಹತ್ತಿರ ಏನಾದರೂ ಕಾಣಬೇಕಿತ್ತು. ಮೊಬೈಲ್ ಮೈಕನ್ನು ಪೂರ್ತಿ ನಂಬಬೇಕಿಲ್ಲ, ಆದರೂ ಪ್ಲಗ್ಗಿಗೆ ಸುರಿದ ದುಡ್ಡು ನೀರಲ್ಲಿ ಹೋಮ ಅಂತ ಖಾತ್ರಿಯಾಯಿತು.

ದಾರಿ ತೋರಿಸಿದ್ದು ರಿವರ್ಸ್ ಗೇರು. ಖಾಲಿ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಫುಟ್‌ಬ್ರೇಕ್ ಒತ್ತಿ ಹಿಡಿದು, ಒಂದನೇ ಗೇರಿನಲ್ಲಿ ಕ್ಲಚ್ಚನ್ನು ಕಚ್ಚುವ ತನಕ ಬಿಟ್ಟು ಲೋಡು ಕೊಟ್ಟೆ. ಗರ್ರ್. ಅದನ್ನೇ ರಿವರ್ಸಿನಲ್ಲಿ ಮಾಡಿದೆ, ಸದ್ದಿಲ್ಲ. (ಒಂದೆರಡು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕ್ಲಚ್ ಪ್ಲೇಟ್ ಸುಡುತ್ತದೆ. ಗಾಡಿಯ ಮುಂದೆ, ಹಿಂದೆ ಯಾರನ್ನೂ ನಿಲ್ಲಿಸಬೇಡಿ.) ಬಾನೆಟ್ ಎತ್ತಿ, ಪಕ್ಕದಲ್ಲಿ ಸ್ಟ್ಯಾಂಡಿಗೆ ಮೊಬೈಲ್ ಸಿಕ್ಕಿಸಿ ವಿಡಿಯೊ ತೆಗೆದೆ. ಮುಂದಕ್ಕೆ ಎಳೆಯುವಾಗ ಎಂಜಿನ್ನಿನ ತಲೆ ಹಿಂದಕ್ಕೆ, ಕ್ಯಾಬಿನ್ ಕಡೆಗೆ ವಾಲುತ್ತದೆ, ಬುಡ ಮುಂದಕ್ಕೆ ಬರುತ್ತದೆ. ರಿವರ್ಸಿನಲ್ಲಿ ಇದೆಲ್ಲ ಉಲ್ಟಾ. ನನ್ನ ಎಂಜಿನ್ ಅಂದಾಜು ಎರಡು ಬೆರಳು ವಾಲುತ್ತಿತ್ತು. ಅಂದಮೇಲೆ ವಾಲಿದಾಗ ಯಾವುದೋ ಯಾವುದಕ್ಕೋ ತಾಗುತ್ತಿದೆ. ನ್ಯೂಟ್ರಲ್ ರೇಸಿನಲ್ಲಿ ಲೋಡೇ ಇರುವುದಿಲ್ಲ, ಎಂಜಿನ್ ಅಷ್ಟು ವಾಲುವುದೂ ಇಲ್ಲ, ಸದ್ದು ಎಲ್ಲಿಂದ ಬರಬೇಕು?

ಎಲ್ಲಿ ತಾಗುತ್ತಿದೆ ಅನ್ನುವುದಕ್ಕೆ ಸೀಮೆಸುಣ್ಣ. ಪುಡಿ ಮಾಡಿ ಒಂದು ಎಣ್ಣೆಯಲ್ಲಿ ಕಲಸಿದೆ. ಯಾವ ಎಣ್ಣೆ, ಎಷ್ಟು ಅನ್ನುವುದು ನನ್ನಲ್ಲೇ ಇರಲಿ, ಹುಡುಕಿಕೊಳ್ಳಲು ಬಹಳ ಕಷ್ಟಪಟ್ಟಿದ್ದೇನೆ. ತೆಳ್ಳಗಾದರೆ ಹರಿಯುತ್ತದೆ, ಗಟ್ಟಿಯಾದರೆ ಉದುರುತ್ತದೆ ಅಂತಷ್ಟೇ ತಿಳಿದಿರಲಿ. ಎಂಜಿನ್ ಪೂರ್ತಿ ಆರಿದ ಮೇಲೆ, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಬೆರಳು ತೂರದ ಸಂದುಗಳಲ್ಲಿ ಬಾಡಿ ಕಡೆಗೆ ಮಾತ್ರ ಹಚ್ಚಿದೆ. ಬಿಸಿ ಪೈಪಿಗೆ ಹಚ್ಚಿದರೆ ಹೊಗೆ ಬಿಟ್ಟರೆ ಇನ್ನೇನೂ ಸಿಗುವುದಿಲ್ಲ. ಒಂದು ಸುತ್ತು ಹೋಗಿಬಂದು, ಎಂಜಿನ್ ಆರಲು ಬಿಟ್ಟು, ಟಾರ್ಚ್ ಹಾಕಿ ನೋಡಿದರೆ ಕ್ರಾಸ್‌ಮೆಂಬರ್ (ಗಾಡಿಯ ಅಡಿಯಲ್ಲಿ ಅಡ್ಡ ಹಾಕಿದ ಲೋಹದ ತೊಲೆ) ಅಂಚಿನ ಬಿಳುಪಿನಲ್ಲಿ ಉಗುರಗಲದ ಕಪ್ಪು ಗಾಯ. ಅಲ್ಲಿ ಬಣ್ಣ ಕಿತ್ತು ಹೊಳೆಯುವ ಲೋಹ. ಎದುರಿಗೆ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಡಬ್ಬ) ಹಿಂದಿನ ಪೈಪಿನ ಹೀಟ್ ಶೀಲ್ಡ್, ಅಂದರೆ ಬಿಸಿ ತಡೆಯುವ ತಗಡು, ಅದರ ಅಂಚಿನಲ್ಲೂ ಅದೇ ಹೊಳಪು. ಮಿಕ್ಕ ಸಂದುಗಳಲ್ಲಿ ಸುಣ್ಣ ಹಾಗೇ ಇತ್ತು.

ಶೀಲ್ಡ್ ಬಗ್ಗಿಸಿ ಬಿಟ್ಟರೂ ಸದ್ದು ನಿಲ್ಲುತ್ತಿತ್ತು, ಆದರೆ ಮೂಲ ಕೆಳಗಿನ ಟಾರ್ಕ್ ಮೌಂಟ್, ಅಂದರೆ ಎಂಜಿನ್ ವಾಲದಂತೆ ಅದರ ಬುಡವನ್ನು ಹಿಡಿದಿಡುವ ರಬ್ಬರಿನ ಕೊಂಡಿ. ಪ್ರೈಬಾರ್ (ಮೀಟುಗೋಲು) ಹಾಕಿ ಮೀಟಿದರೆ ಅದರ ಬುಷ್ಷಿನ ರಬ್ಬರು ಅರ್ಧಕ್ಕೆ ಸೀಳಿದ್ದು ಕಂಡಿತು. ಹೊಸದು ಬರುವ ತನಕ ಹಳೆಯದರ ಖಾಲಿ ಜಾಗಕ್ಕೆ ಗಾಜು ಅಂಟಿಸುವ ಪಾಲಿಯುರೆಥೇನ್ ತುಂಬಿ ನೋಡಿದೆ. ಸದ್ದೇನೋ ನಿಂತಿತು, ಆದರೆ ಐಡಲ್‌ನಲ್ಲಿ ಸ್ಟೀರಿಂಗ್, ಸೀಟು, ಕನ್ನಡಿ ಎಲ್ಲ ಗಡಗಡ. ವಾರವೂ ತಡೆಯಲಾಗಲಿಲ್ಲ.

ಹೊಸ ಮೌಂಟ್ ಕೂರಿಸುವಾಗ ಬೋಲ್ಟುಗಳನ್ನು ಗಾಡಿ ಚಕ್ರದ ಮೇಲೆ ನಿಂತಾಗಲೇ ಕೊನೆಯ ಬಿಗಿ ಮಾಡಿದೆ, ಸರ್ವಿಸ್ ಪುಸ್ತಕ ಹೇಳುವಷ್ಟೇ ಬಿಗಿಗೆ (ಟಾರ್ಕಿಗೆ). ಗಾಳಿಯಲ್ಲಿ ನೇತಾಡುವಾಗ ಬಿಗಿದರೆ ರಬ್ಬರು ತಿರುಚಿಕೊಂಡೇ ಕೂರುತ್ತದೆ. ಆಮೇಲೆ ಸೈಲೆನ್ಸರ್ ಕ್ಲಾಂಪುಗಳನ್ನೂ ಸಡಿಲಿಸಿ, ಎಂಜಿನ್ ಸ್ವಲ್ಪ ಹೊತ್ತು ಐಡಲ್ ಓಡಿಸಿ ನಿಲ್ಲಿಸಿ, ಪೈಪು ತಾನಾಗಿ ಕೂತ ಜಾಗದಲ್ಲೇ ಬಿಗಿದೆ. ಇಷ್ಟು ಮಾಡದಿದ್ದರೆ ಹಳೆಯ ವಾಲಿಗೆ ಒಗ್ಗಿದ ಪೈಪು ಹೊಸ ಮೌಂಟಿನಲ್ಲೂ ತಾಗುತ್ತಿತ್ತು. ಈಗ ಹದಿನೈದು ಸಾವಿರ ಕಿ.ಮೀ. ಮೇಲಾಗಿದೆ, ಚಕಾರವಿಲ್ಲ.

ಇದೇ ಸದ್ದು ಅಂತ ಸ್ನೇಹಿತರೊಬ್ಬರು ತಮ್ಮ ಕಾರು ತಂದಿದ್ದರು. ಸುಣ್ಣದ ಮೇಲೆ ಒಂದು ಗೀರೂ ಬೀಳಲಿಲ್ಲ. ಅವರದ್ದು ಸದ್ದಿಗಿಂತ ಅದುರು ಹೆಚ್ಚು, ಅದೂ ವೇಗದ ಹಿಂದೆ ಹೋಗುವಂಥದ್ದು: ಒಳಗಿನ ಸಿವಿ ಜಾಯಿಂಟು (ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಶಾಫ್ಟಿನ ಕೀಲು) ಸವೆದಿತ್ತು. ಅದರ ರಬ್ಬರ್ ಹೊದಿಕೆ (ಬೂಟ್) ಬಿಚ್ಚುವಾಗ ಕೈಗೆ ಮೆತ್ತಿದ ಕಪ್ಪು ಗ್ರೀಸು ಎರಡು ದಿನ ಹೋಗಲಿಲ್ಲ.