ಕೇಕ್ ಮೇಲೆ ಕಸೂತಿ: ನನ್ನ ಅನುಭವ

ಹೋದ ಮೇ ತಿಂಗಳಲ್ಲಿ ಧಾರವಾಡದ ಒಂದು ಮದುವೆ ರಿಸೆಪ್ಷನ್‌ಗೆ ಮೂರು ಟಿಯರ್ (ಅಂತಸ್ತು) ಕೇಕ್ ಮಾಡಿಕೊಟ್ಟೆ. ಕಪ್ಪು ಫಾಂಡೆಂಟ್ (ಕೇಕಿಗೆ ಹೊದಿಸುವ ಸಕ್ಕರೆ ಹಾಳೆ), ಅದರ ಸುತ್ತಲೂ ಕಸೂತಿ. ಕೆಳಗೆ ಗೋಪುರ, ನಡುವೆ ತುಳಸಿಕಟ್ಟೆ, ಮೇಲೆ ಚಿಕ್ಕ ನವಿಲು. ಎಲ್ಲಾ ಐಸಿಂಗ್‌ನಲ್ಲಿ ಕೈಯಿಂದಲೇ ಎಳೆದದ್ದು. ಪ್ರಿಂಟ್ ಇಲ್ಲ, ಸ್ಟೆನ್ಸಿಲ್ ಇಲ್ಲ, ಅಚ್ಚು ಇಲ್ಲ. ಇದು ಆಗಲ್ಲ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಬೆಂಗಳೂರಿನಲ್ಲಿ ನಾನು ಕ್ಲಾಸಿಗೆ ಹೋಗಿದ್ದ ಕಡೆ ಕಲಿಸುವವರೇ "ಸುಮ್ನೆ ಪ್ರಿಂಟ್ ಅಂಟಿಸಿಬಿಡಿ ಮೇಡಂ, ದೂರದಿಂದ ಯಾರಿಗೆ ಗೊತ್ತಾಗುತ್ತೆ" ಅಂದಿದ್ದರು. ಕಸೂತಿ ಗೊತ್ತಿರುವ ಊರಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ.

ಮದುವೆಗೆ ಕಪ್ಪು ಕೇಕ್ ಯಾಕೆ ಅಂತ ಕೇಳಬಹುದು. ಹಿಂದೆ ನಮ್ಮ ಕಡೆ ಮದುಮಗಳಿಗೆ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆ ಕೊಡುವ ರೂಢಿ ಇತ್ತು. ಈ ಹುಡುಗಿಯ ಅಜ್ಜಿಯದು ಅಂಥದ್ದೇ ಒಂದು ಸೀರೆ ಇನ್ನೂ ಪೆಟ್ಟಿಗೆಯಲ್ಲಿತ್ತು. "ಅಕ್ಕಾರ, ಇದನ್ನ ಕೇಕಿನ ಮ್ಯಾಲೆ ತರ್ತೀರೇನ್ರೀ?" ಅಂತ ಸೀರೆ ಬಿಚ್ಚಿ ನನ್ನ ಮುಂದೆ ಹಾಸಿದಳು. ಹೂಂ ಅಂದೆ. ಯಾಕೆಂದರೆ ಅಷ್ಟರಲ್ಲಿ ಒಂದೂವರೆ ವರ್ಷ ನಾನು ಇದೇ ಕೆಲಸಕ್ಕೆ ದುಡ್ಡು ಸುರಿದಿದ್ದೆ.

ಮೊದಲು ಸೋತದ್ದನ್ನು ಹೇಳುತ್ತೇನೆ. ಶುರುವಿನಲ್ಲಿ ಬಟರ್‌ಕ್ರೀಮ್‌ನಲ್ಲಿ ಪ್ರಯತ್ನಿಸಿದೆ. ಗೆರೆ ದಪ್ಪ ಬಂತು, ನನ್ನ ಕೈ ಬಿಸಿಗೇ ಹಿಂಡಿ ಎಳೆಯುವ ಪೈಪಿಂಗ್ ಬ್ಯಾಗ್‌ನೊಳಗೆ ಕರಗಿತು. ಅಲ್ಲಿಗೆ ಅದನ್ನು ಬಿಟ್ಟೆ. ಆಮೇಲೆ ಎಲ್ಲರೂ ಮಾಡುವ ಹಾಗೆ ಟ್ರೇಸಿಂಗ್ ಪೇಪರ್‌ನಲ್ಲಿ ಚಿತ್ರ ತೆಗೆದು, ಫಾಂಡೆಂಟ್ ಮೇಲಿಟ್ಟು, ಪಿನ್ನಿನಿಂದ ಚುಚ್ಚಿ, ಆ ಚುಕ್ಕೆ ಹಿಡಿದು ಎಳೆದೆ. ಹೂವು ಬಳ್ಳಿಗೆ ಇದು ಸಾಕು. ಕಸೂತಿಗೆ ಸಾಲದು. ಅದು ಎಣಿಕೆಯ ಕೆಲಸ, ಬಟ್ಟೆಯ ಎಳೆ ಎಣಿಸಿ ಹಾಕುವ ಹೊಲಿಗೆ. ಬಳ್ಳಿ ಒಂದು ಕೂದಲು ಆಚೀಚೆ ಹೋದರೆ ಚಂದವೇ. ಗೋಪುರ ಹೋದರೆ ಮೆಟ್ಟಿಲು ಸೊಟ್ಟ. ಕೇಕ್ ಸುತ್ತಿ ಮೊದಲಿನ ಜಾಗಕ್ಕೆ ಬರುವಷ್ಟರಲ್ಲಿ ನನ್ನ ಸಾಲು ಎರಡು ಬೆರಳಷ್ಟು ಕೆಳಗಿಳಿದಿತ್ತು.

ಬಟರ್ ಪೇಪರ್ ಮೇಲೆ ಬಿಡಿಬಿಡಿಯಾಗಿ ಎಳೆದು, ಒಣಗಿಸಿ, ಆಮೇಲೆ ಕೇಕಿಗೆ ಅಂಟಿಸುವುದನ್ನೂ ನೋಡಿದೆ. ಕೇಕಿನ ಬಾಗಿಗೆ ಹೊಂದಲಿ ಅಂತ ಅದೇ ಅಳತೆಯ ಟಿನ್ನಿಗೆ ಪೇಪರ್ ಸುತ್ತಿ ಒಣಗಿಸಿದ್ದೆ. ನಲವತ್ತು ಗೋಪುರ ಮಾಡಿದ್ದರಲ್ಲಿ ಒಂಬತ್ತೋ ಹತ್ತೋ ಉಳಿದವು.

ಎಲ್ಲಕ್ಕಿಂತ ನೋವಾದದ್ದು ಒಂದು ನಿಶ್ಚಿತಾರ್ಥದ ಕೇಕ್. ಜುಲೈ ತಿಂಗಳು, ಧಾರವಾಡದ ಜಿಟಿಜಿಟಿ ಮಳೆ. ಐಸಿಂಗ್ ಒಣಗಲೇ ಇಲ್ಲ. ಹೆದರಿ ಫ್ರಿಜ್ಜಿಗೆ ಇಟ್ಟೆ. ಹೊರಗೆ ತೆಗೆದ ಹತ್ತು ನಿಮಿಷಕ್ಕೆ ಕಪ್ಪು ಫಾಂಡೆಂಟ್ ಬೆವರಿತು, ಬಣ್ಣ ಬಿಟ್ಟಿತು, ಬಿಳಿ ಗೆರೆಯೆಲ್ಲ ಬೂದಿ ಬಣ್ಣಕ್ಕೆ ತಿರುಗಿತು. ಐದು ಸಾವಿರ ಅಡ್ವಾನ್ಸ್ ವಾಪಸ್ ಕೊಟ್ಟು, ಒಂದು ಸಾದಾ ಚಾಕೊಲೇಟ್ ಕೇಕನ್ನೂ ನನ್ನ ಕೈಯಿಂದಲೇ ಹಾಕಿ ಕಳಿಸಿದೆ. ಆ ರಾತ್ರಿ ಮನೆಯವರು, ನಮ್ಮ ವೈನಿ ಎಲ್ಲ ಸೇರಿ "ಸಾಕ್ ಬಿಡವಾ ಇನ್ನ" ಅಂದರು. ಅಲ್ಲಿಯವರೆಗೆ ಹಾಳಾದ ಸಾಮಾನು, ನಾಝಲ್, ವಾಪಸ್ ಕೊಟ್ಟ ದುಡ್ಡು ಎಲ್ಲ ಸೇರಿ ಹದಿನಾರು ಹದಿನೇಳು ಸಾವಿರ ಆಗಿರಬೇಕು.

ದಾರಿ ಸಿಕ್ಕಿದ್ದು ಮಗಳ ಶಾಲೆಯ ಹೊಲಿಗೆ ಡಬ್ಬಿಯಲ್ಲಿ. ಅದರಲ್ಲಿ ಮ್ಯಾಟಿ ಬಟ್ಟೆಯ ಒಂದು ತುಂಡಿತ್ತು, ಚೌಕ ಚೌಕ ಮನೆ ಕಾಣುವ ಆ ದಪ್ಪ ನೇಯ್ಗೆಯದು. ಹೊದಿಸಿ ಇನ್ನೂ ಮೆತ್ತಗಿದ್ದ ಫಾಂಡೆಂಟ್‌ಗೆ ಅದನ್ನು ಒತ್ತಿ ತೆಗೆದೆ. ಬಟ್ಟೆಯ ಮನೆಗಳೆಲ್ಲ ಕೇಕ್ ಮೇಲೆ ಮೂಡಿದ್ದವು! ಇನ್ನು ಎಣಿಸಿ ಎಳೆಯುವುದಷ್ಟೇ, ಅಲ್ವಾ?

ಅಷ್ಟು ಸುಲಭ ಇರಲಿಲ್ಲ. ಆ ತುಂಡಿನಲ್ಲಿ ಇಂಚಿಗೆ ಸುಮಾರು 14 ಮನೆ. ಅಷ್ಟು ಚಿಕ್ಕದರಲ್ಲಿ ತೀರಾ ಸಣ್ಣ ತೂತಿನ ಸೊನ್ನೆ ನಂಬರ್ ನಾಝಲ್‌ನ ಗೆರೆಯೂ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಹುಬ್ಬಳ್ಳಿಯಲ್ಲೆಲ್ಲ ಹುಡುಕಿ ಇಂಚಿಗೆ ಎಂಟು ಮನೆಯ ಬಟ್ಟೆ ತಂದೆ. ಹೊಸ ಬಟ್ಟೆಗೆ ಗಂಜಿ ಇರುತ್ತದೆ. ಬರೀ ನೀರಲ್ಲಿ ಎರಡು ಸಲ ಕುದಿಸಿ ಒಣಗಿಸಬೇಕು. ಸೋಪು ಬೇಡ, ವಾಸನೆ ಫಾಂಡೆಂಟ್‌ಗೆ ಹತ್ತುತ್ತದೆ. ಬಟ್ಟೆ ಅಂಟದಿರಲಿ ಅಂತ ಕಾರ್ನ್‌ಫ್ಲೋರ್ ಸವರಿದರೆ ಕಪ್ಪಿನ ಮೇಲೆ ಬಿಳಿ ಕಲೆ ನಿಲ್ಲುತ್ತದೆ. ನಾನು ಡಾಲ್ಡಾ ಒಂದು ಚೂರು ಬೆರಳಲ್ಲಿ ಸವರುತ್ತೇನೆ. ಹೊದಿಸಿ ಹತ್ತು ನಿಮಿಷದೊಳಗೆ ಒತ್ತಬೇಕು, ಆಮೇಲೆ ಮೇಲ್ಪದರ ಒಣಗಿ ಬಿರುಕು ಬಿಡುತ್ತದೆ.

ಮುಂದಿನ ತಲೆನೋವು ಲೆಕ್ಕ. ಕೆಳಗಿನ 10 ಇಂಚಿನ ಟಿಯರ್‌ಗೆ ಫಾಂಡೆಂಟ್ ಎಲ್ಲ ಸೇರಿ ಸುತ್ತಳತೆ 32 ಇಂಚು, ಅಂದರೆ 256 ಮನೆ. ಗೋಪುರಕ್ಕೆ 16 ಮನೆ, ಹಾಗಾಗಿ ಸರಿಯಾಗಿ 16 ಗೋಪುರ. ನಡುವಿನದರಲ್ಲಿ 12 ಮನೆಯ ತುಳಸಿಕಟ್ಟೆ ಹದಿನೇಳು ಕೂರಬೇಕು, ಅಂದರೆ 204 ಮನೆ. ನನ್ನದು 207 ಬಂತು. ಮೂರು ಮನೆ ಎಲ್ಲಿಗೆ ಹಾಕುವುದು? ಗಮನಿಸಿ: ಫಾಂಡೆಂಟ್ ಕೆಳಗೆ ಬಳಿಯುವ ಗನಾಶ್ (ಚಾಕೊಲೇಟ್-ಕ್ರೀಮ್ ಲೇಪ) ಒಂದು ಮಿಲಿಮೀಟರ್ ದಪ್ಪ ಆದರೆ ಸುತ್ತಳತೆ ಆರು ಮಿಲಿಮೀಟರ್ ಜಾಸ್ತಿ ಆಗುತ್ತದೆ, ಅಂದರೆ ಹತ್ತಿರಹತ್ತಿರ ಎರಡು ಮನೆ. ಅದಕ್ಕೇ ಈಗ ಗನಾಶ್ ಹಂತದಲ್ಲೇ ಟೇಪು ಹಿಡಿಯುತ್ತೇನೆ. ಬೇಕಾದರೆ ಕೆರೆದು ತೆಗೆಯುತ್ತೇನೆ, ಇಲ್ಲ ಇನ್ನೊಂದು ಕೈ ಹಚ್ಚುತ್ತೇನೆ. ಫಾಂಡೆಂಟ್ ಹೊದಿಸಿದ ಮೇಲೆ ಏನೂ ಮಾಡಲು ಬರುವುದಿಲ್ಲ.

ಇಷ್ಟಾದರೂ ಗೆರೆ ಗೆರೆಯಾಗೇ ಇತ್ತು, ಹೊಲಿಗೆ ಅನಿಸುತ್ತಿರಲಿಲ್ಲ. ಉದ್ದ ಗೆರೆ ನಡುವೆ ಜೋಲುತ್ತಿತ್ತು, ತಿರುವಿನಲ್ಲಿ ಗಂಟು ಬೀಳುತ್ತಿತ್ತು. ನಮ್ಮ ಓಣಿಯಲ್ಲಿ ಕಸೂತಿ ಹಾಕುವ ಒಬ್ಬ ಕಾಕು ಇದ್ದಾರೆ. ಒಂದು ಮಧ್ಯಾಹ್ನ ಅಭ್ಯಾಸದ ಡಮ್ಮಿ ಕೇಕ್ ಅವರ ಮುಂದಿಟ್ಟೆ. ಸ್ವಲ್ಪ ಹೊತ್ತು ನಾನು ಎಳೆಯುವುದನ್ನು ನೋಡಿದರು. "ಯವ್ವಾ, ಒಂದ ಸರತಿಗೆ ಯಾಕ ಎಳೀತಿ? ಹೋಗೂ ಮುಂದ ಒಂದ ಮನಿ ಬಿಟ್ಟ ಒಂದ ಮನಿ ಹೋಗು. ಬರೂ ಮುಂದ ತುಂಬಕೋತ ಬಾ" ಅಂದರು. ಕಸೂತಿಯ ಗವಂತಿ ಹೊಲಿಗೆ ಹಾಕುವುದೇ ಹೀಗೆ. ಸೂಜಿ ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬುತ್ತದೆ.

ಹಾಗೇ ಮಾಡಿದೆ. ಮೊದಲ ಸುತ್ತಿನಲ್ಲಿ ಒಂದು ಮನೆ ಬಿಟ್ಟು ಒಂದು ಮನೆ. ಟೇಬಲ್ ಫ್ಯಾನ್ ಕೆಳಗೆ ಇಪ್ಪತ್ತು ನಿಮಿಷ. ಆಮೇಲೆ ಉಲ್ಟಾ ಬರುತ್ತಾ ಖಾಲಿ ಜಾಗ. ಪ್ರತಿ ತುಂಡೂ ಬರೀ ಮೂರು ಮಿಲಿಮೀಟರ್, ಜೋಲಲು ಅವಕಾಶವೇ ಇಲ್ಲ. ಎರಡು ತುಂಡು ಸೇರುವ ಕಡೆ ಒಂದು ಸಣ್ಣ ತಗ್ಗು ಬೀಳುತ್ತದೆ, ದಾರ ಬಟ್ಟೆಯೊಳಗೆ ಇಳಿದ ಹಾಗೆಯೇ. ಅದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು. ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಮುರ್ಗಿ ಹೊಲಿಗೆಗೂ ಇದೇ ಲೆಕ್ಕ. ಮೊದಲು ಅಡ್ಡ ಗೆರೆಗಳು, ಬರುವಾಗ ಉದ್ದ ಗೆರೆಗಳು. ಗುಣಿಸು ಗುರುತಿನಂಥ ಮೆಂಥಿ ಹೊಲಿಗೆಗೆ ಮಾತ್ರ ಇದು ಬೇಡ. ಒಂದು ಕಡೆಯ ಓರೆ ಗೆರೆ ಎಲ್ಲ ಮುಗಿಸಿ ಇನ್ನೊಂದು ಕಡೆಯದು ಹಾಕಿ, ಸಾಕು.

ಐಸಿಂಗ್ ಬಗ್ಗೆ ಸ್ವಲ್ಪ. ಈ ಮದುವೆ ಮನೆಯವರಿಗೆ ಮೊಟ್ಟೆ ನಡೆಯುತ್ತಿರಲಿಲ್ಲ, ಒಣಗಿ ಗಟ್ಟಿಯಾಗುವ ರಾಯಲ್ ಐಸಿಂಗ್‌ನ ಎಗ್‌ಲೆಸ್ ಪುಡಿಯನ್ನೇ ಬಳಸಿದೆ. ಸಕ್ಕರೆಯ ಒಂದು ಕಣ ಸಿಕ್ಕಿಕೊಂಡರೂ ಸೊನ್ನೆ ನಂಬರ್ ಕಟ್ಟಿ ನಿಲ್ಲುತ್ತದೆ. ಜರಡಿ ನಂಬಬೇಡಿ. ಕಲಸಿದ ಐಸಿಂಗನ್ನೇ ತೊಳೆದ ನೈಲಾನ್ ಸೀರೆ ತುಂಡಿನಲ್ಲಿ ಹಿಂಡಿ ಸೋಸಿ. ಗೆರೆ ಮುರಿಯದಿರಲು ನಾನು ಅದಕ್ಕೆ ಇನ್ನೊಂದನ್ನು ಸೇರಿಸುತ್ತೇನೆ. ಅದು ನಿಮ್ಮೆಲ್ಲರ ಅಡುಗೆಮನೆಯಲ್ಲೂ ಇದೆ. ಹೆಸರು ಹೇಳುವುದಿಲ್ಲ, ಅದನ್ನು ಕಂಡುಕೊಳ್ಳಲು ನನಗೆ ಮೂರು ತಿಂಗಳು ಹಿಡಿದಿದೆ.

ಕಾಬೂಲಿ ಕಡಲೆ ಬೇಯಿಸಿದ ನೀರಿನಲ್ಲೂ ಐಸಿಂಗ್ ಮಾಡಿ ನೋಡಿದೆ. ನೊರೆ ಚೆನ್ನಾಗಿ ಬಂತು, ಬೇಸಿಗೆಯಲ್ಲಿ ಹೂವಿಗೆ ಪರವಾಗಿಲ್ಲ. ಸಣ್ಣ ಗೆರೆಗೆ ಹಾಕಿದಾಗ ಒಣಗುವುದು ತಡ, ಒಣಗಿದ ಮೇಲೆ ಪುಡಿಪುಡಿ. ಇನ್ನೊಂದು ಆಸೆ, ಒಳಗಿನ ಪದರಕ್ಕೆ ನಮ್ಮ ಧಾರವಾಡ ಪೇಢೆ. ಪುಡಿ ಮಾಡಿ ವೈಟ್ ಚಾಕೊಲೇಟ್ ಗನಾಶ್‌ಗೆ ಬೆರೆಸಿದೆ. ರುಚಿ ಅದ್ಭುತ! ಆದರೆ ಮರುದಿನಕ್ಕೆ ನೀರು ಬಿಟ್ಟು ಫಾಂಡೆಂಟ್ ಕೆಳಗೆ ಉಬ್ಬಿತು. ಒಂದು ಕೆಜಿಯ ಕೇಕಿಗೆ, ಅದೇ ದಿನ ತಿನ್ನುವುದಾದರೆ ಮಾತ್ರ ಹಾಕುತ್ತೇನೆ. ಕಸೂತಿ ಕೇಕಿನ ಒಳಗೆ ಬರೀ ಡಾರ್ಕ್ ಗನಾಶ್, ಫ್ರಿಜ್ಜಿನ ಹತ್ತಿರವೂ ಒಯ್ಯುವುದಿಲ್ಲ.

ಮದುವೆ ಕೇಕಿಗೆ ಪೈಪಿಂಗ್ ಒಂದೇ ಸುಮಾರು 26 ಗಂಟೆ, ಮೂರು ರಾತ್ರಿ. ಏಳು ಕೆಜಿ ಚಿಲ್ಲರೆ ತೂಕ. 18,000 ಹೇಳಿದ್ದೆ, ಸಾಮಾನಿಗೆ ಏಳೂವರೆ ಸಾವಿರ ಹೋಯಿತು. ಬೆಳಿಗ್ಗೆ ಆರಕ್ಕೇ, ಬಿಸಿಲೇರುವ ಮೊದಲು, ಮೂರು ಟಿಯರ್ ಬೇರೆ ಬೇರೆ ಡಬ್ಬಿಯಲ್ಲಿ ಒಯ್ದು ಹಾಲ್‌ನಲ್ಲೇ ಜೋಡಿಸಿದೆ. ಮೂರು ಕಡೆ ಗೆರೆ ಒಡೆದಿತ್ತು. ಜೊತೆಗೆ ಒಯ್ದಿದ್ದ ಬ್ಯಾಗ್‌ನಿಂದ ಅಲ್ಲೇ ತುಂಬಿದೆ.

ಸಂಜೆ ಆ ಅಜ್ಜಿ ಬಂದು ಕನ್ನಡಕ ಏರಿಸಿ ನೋಡಿದರು. ಬೆರಳು ತಾಗಿಸದೆ, ಗಾಳಿಯಲ್ಲೇ ಒಂದು ಗೋಪುರದ ಮನೆಗಳನ್ನು ಎಣಿಸಿದರು. ಆಮೇಲೆ ಮೇಜಿನ ಸುತ್ತ ಒಂದು ಸುತ್ತು ಬಂದು "ಜೋಡಿಸಿದ್ದ ಎಲ್ಲೆ ಐತವಾ? ಕಾಣವಲ್ದು" ಅಂದರು. ಸಾಲು ಶುರುವಾಗಿ ಮುಗಿಯುವ ಆ ಜಾಗವನ್ನು ಎಲ್ಲಿ, ಹೇಗೆ ಮುಚ್ಚುತ್ತೇನೆ ಅನ್ನುವುದನ್ನು ಅವರಿಗೆ ಮಾತ್ರ ಕಿವಿಯಲ್ಲಿ ಹೇಳಿದೆ.

ಈಗ ಕೈಕೆಲಸಕ್ಕೆ ಬೇರೆಯೇ ರೇಟು, ಗಂಟೆಗೆ 300. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಸೂತಿ ಆರ್ಡರ್ ತೆಗೆದುಕೊಳ್ಳುವುದಿಲ್ಲ, ಎಷ್ಟು ಕೊಟ್ಟರೂ ಇಲ್ಲ. ಡಿಸೆಂಬರ್‌ಗೆ ಒಂದು ಬಂದಿದೆ. ಕೇಳಿರುವುದು ಆನೆ ಮತ್ತು ರಥ. ರಥಕ್ಕೆ 40 ಮನೆ ಅಗಲ ಬೇಕು, 12 ಇಂಚಿನ ಟಿನ್ ತರಲು ಹೇಳಿದ್ದೇನೆ.