‘ಎರಡು ಪಟ್ಟು ವೇಗ’ ಎಂದರೆ ಯಾವುದಕ್ಕಿಂತ? ಕಂಪ್ಯೂಟರ್ ಜಾಹೀರಾತನ್ನು ಓದುವ ಕ್ರಮ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ, ಚೆನ್ನಾಗಿಯೇ ಓಡುತ್ತಿರುವ ಹಳೆಯ ಕಂಪ್ಯೂಟರನ್ನು ಬದಲಿಸಬೇಕೇ ಎಂಬ ಪ್ರಶ್ನೆ ಮಂಗಳೂರು, ಉಡುಪಿಯ ಅನೇಕ ಮನೆಗಳಲ್ಲಿ, ಸಣ್ಣ ಕಚೇರಿಗಳಲ್ಲಿ ಎದ್ದಿದೆ. ಕಾಲೇಜು ಶುರುವಾಗುವ ಹೊತ್ತಿನ ಮತ್ತು ಚೌತಿ, ದೀಪಾವಳಿಯ ಕೊಡುಗೆಗಳೂ ಇದಕ್ಕೆ ಸೇರಿಕೊಂಡಾಗ, ಪತ್ರಿಕೆಯ ಮುಖಪುಟದಿಂದ ಹಂಪನಕಟ್ಟೆಯ ಫಲಕಗಳವರೆಗೆ ‘ಎರಡು ಪಟ್ಟು ವೇಗ’, ‘ಅತಿ ವೇಗದ ಲ್ಯಾಪ್‌ಟಾಪ್’ ಎಂಬ ಮಾತುಗಳೇ ಕಾಣಿಸುತ್ತವೆ. ಇವುಗಳಲ್ಲಿ ಹಸಿ ಸುಳ್ಳು ಅಪರೂಪ. ಯಾವುದರೊಂದಿಗೆ ಹೋಲಿಸಿ, ಯಾವ ಪರೀಕ್ಷೆಯಲ್ಲಿ, ಎಂಥ ಸ್ಥಿತಿಯಲ್ಲಿ ಅಳೆದ ವೇಗ ಎಂಬುದನ್ನು ದೊಡ್ಡ ಅಕ್ಷರದಲ್ಲಿ ಹೇಳದಿರುವುದೇ ಇಲ್ಲಿನ ತಂತ್ರ. ಆದ್ದರಿಂದ ಜಾಹೀರಾತನ್ನು ಕೆಳಗಿನಿಂದ ಮೇಲಕ್ಕೆ ಓದುವುದು ಒಳ್ಳೆಯದು.

ಮೊದಲು ಅಡಿಟಿಪ್ಪಣಿ

ವೇಗದ ಅಂಕಿಯ ಪಕ್ಕದಲ್ಲಿರುವ ನಕ್ಷತ್ರ ಚಿಹ್ನೆಯನ್ನು ಹುಡುಕಿ, ಅದಕ್ಕೆ ಸೇರಿದ ಸಣ್ಣಕ್ಷರದ ಸಾಲನ್ನು ಓದಿ. ವಿಂಡೋಸ್ 11 ಕಂಪ್ಯೂಟರ್‌ಗಳು ವಿಂಡೋಸ್ 10 ಕಂಪ್ಯೂಟರ್‌ಗಳಿಗಿಂತ 2.3 ಪಟ್ಟುವರೆಗೆ ವೇಗವಾಗಿವೆ ಎಂದು ಮೈಕ್ರೋಸಾಫ್ಟ್ 2025ರಲ್ಲಿ ಹೇಳಿಕೊಂಡಿತು. ಅದರ ಅಡಿಟಿಪ್ಪಣಿಯ ಪ್ರಕಾರ, ವಿಂಡೋಸ್ 10ರ ಕಡೆಯಲ್ಲಿದ್ದದ್ದು ಇಂಟೆಲ್‌ನ 6, 8 ಮತ್ತು 10ನೇ ತಲೆಮಾರಿನ ಪ್ರೊಸೆಸರ್‌ಗಳಿರುವ ಯಂತ್ರಗಳು. ವಿಂಡೋಸ್ 11ರ ಕಡೆಯಲ್ಲಿದ್ದದ್ದು 12 ಮತ್ತು 13ನೇ ತಲೆಮಾರಿನವು. ಅಳತೆಗೆ ಬಳಸಿದ್ದು ಗೀಕ್‌ಬೆಂಚ್ 6 ಎಂಬ ವೇಗ ಅಳೆಯುವ ತಂತ್ರಾಂಶದ ಮಲ್ಟಿಕೋರ್ ಪರೀಕ್ಷೆ, ಎಂದರೆ ಪ್ರೊಸೆಸರಿನ ಎಲ್ಲ ಕೋರ್‌ಗಳನ್ನೂ (ಲೆಕ್ಕ ಮಾಡುವ ಘಟಕಗಳನ್ನೂ) ಒಟ್ಟಿಗೆ ದುಡಿಸಿ ನೋಡುವುದು. ಹಳೆಯ ಪ್ರೊಸೆಸರಿಗಿಂತ ಹೊಸ ಪ್ರೊಸೆಸರು ವೇಗವಾಗಿದೆ ಎಂಬುದಷ್ಟೇ ಇದರಿಂದ ಸಿದ್ಧವಾಗುತ್ತದೆ. ಒಂದೇ ಯಂತ್ರಕ್ಕೆ ವಿಂಡೋಸ್ 11 ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಈ ಅಂಕಿಯಲ್ಲಿ ಉತ್ತರವಿಲ್ಲ. 6ನೇ ತಲೆಮಾರಿನ ಯಂತ್ರಗಳಿಗಂತೂ ವಿಂಡೋಸ್ 11ರ ಅಧಿಕೃತ ಬೆಂಬಲವೇ ಇಲ್ಲ. ‘ವರೆಗೆ’ ಎಂದು ಸೇರಿಸಿದ ಅಂಕಿ ಆ ಪರೀಕ್ಷೆಯಲ್ಲಿ ಸಿಕ್ಕ ಗರಿಷ್ಠ ಅಂಕಿಯೇ ಹೊರತು ನಿಮ್ಮ ಮೇಜಿನ ಮೇಲೆ ದಿನವೂ ಸಿಗುವ ವೇಗವಲ್ಲ.

ಪರೀಕ್ಷೆ ನಡೆದದ್ದು ಹೇಗೆ

ಎರಡನೆಯದಾಗಿ, ಪರೀಕ್ಷೆಯ ಹೆಸರನ್ನೂ ಅದನ್ನು ನಡೆಸಿದವರು ಯಾರೆಂಬುದನ್ನೂ ನೋಡಬೇಕು. ಈ ವಿಷಯದಲ್ಲಿ ಆ್ಯಪಲ್ ಕಂಪನಿಯ ಪವರ್ ಮ್ಯಾಕ್ ಜಿ5 ಪ್ರಕರಣವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 2003ರ ಜೂನ್‌ನಲ್ಲಿ ಅದನ್ನು ‘ಜಗತ್ತಿನ ಅತಿ ವೇಗದ ಪರ್ಸನಲ್ ಕಂಪ್ಯೂಟರ್’ ಎಂದು ಘೋಷಿಸಲಾಯಿತು. ಆ್ಯಪಲ್ ಪರವಾಗಿ ಪರೀಕ್ಷೆ ನಡೆಸಿದ ವೆರಿಟೆಸ್ಟ್ ಸಂಸ್ಥೆ, ಡೆಲ್ ಯಂತ್ರಗಳ ಎದುರು ಜಿ5 ಅನ್ನು ಇಟ್ಟು, ಎರಡೂ ಕಡೆ ಜಿಸಿಸಿ ಎಂಬ ಒಂದೇ ಕಂಪೈಲರನ್ನು (ಬರೆದ ಪ್ರೋಗ್ರಾಮನ್ನು ಪ್ರೊಸೆಸರಿನ ಭಾಷೆಗೆ ತಿರುಗಿಸುವ ತಂತ್ರಾಂಶವನ್ನು) ಬಳಸಿತ್ತು. ನೋಡಲು ಇದು ನ್ಯಾಯವಾದ ಕ್ರಮವೇ. ಆದರೆ ಇಂಟೆಲ್‌ನ ಸ್ವಂತ ಕಂಪೈಲರ್ ಬಳಸಿ ಡೆಲ್ ಪ್ರಕಟಿಸಿದ್ದ ಅಂಕಿಗಳು ಇದಕ್ಕಿಂತ ಬಹಳ ಮೇಲಿದ್ದವು. ವೀಕ್ಷಕರ ದೂರು ಬಂದ ಮೇಲೆ, ಬ್ರಿಟನ್ನಿನ ಆಗಿನ ಟೆಲಿವಿಷನ್ ನಿಯಂತ್ರಣ ಸಂಸ್ಥೆ ಅದೇ ವರ್ಷದ ನವೆಂಬರ್‌ನಲ್ಲಿ ಆ ಜಾಹೀರಾತನ್ನು ಇದ್ದ ರೂಪದಲ್ಲಿ ಮತ್ತೆ ಪ್ರಸಾರ ಮಾಡಬಾರದೆಂದು ತೀರ್ಮಾನಿಸಿತು. 2004ರಲ್ಲಿ, ಡೆಲ್ ಆಕ್ಷೇಪದ ಮೇಲೆ, ಅಮೆರಿಕದ ಜಾಹೀರಾತು ಸ್ವಯಂನಿಯಂತ್ರಣ ಸಂಸ್ಥೆಯೂ ಆ ಮಾತನ್ನು ಕೈಬಿಡುವಂತೆ ಶಿಫಾರಸು ಮಾಡಿತು. ಜಿ5 ನಿಧಾನದ ಯಂತ್ರವಾಗಿತ್ತೆಂದು ಇದರ ಅರ್ಥವಲ್ಲ. ‘ಜಗತ್ತಿನಲ್ಲೇ’ ಎನ್ನಲು ಬೇಕಾದ ಆಧಾರ ಇರಲಿಲ್ಲ, ಅಷ್ಟೆ.

ಇಂಟೆಲ್ ಕೂಡ ಇಂಥ ತಕರಾರುಗಳಿಂದ ಹೊರತಲ್ಲ. 2018ರ ಅಕ್ಟೋಬರ್‌ನಲ್ಲಿ ಅದು ಹಣ ಕೊಟ್ಟು ಮಾಡಿಸಿದ ಪರೀಕ್ಷೆಯೊಂದರಲ್ಲಿ ಕೋರ್ ಐ9-9900ಕೆ ಪ್ರೊಸೆಸರು ಎಎಂಡಿಯ ರೈಜನ್ 7 2700ಎಕ್ಸ್‌ಗಿಂತ ಆಟಗಳಲ್ಲಿ ಬಹಳ ಮುಂದೆ ಎಂದು ತೋರಿಸಲಾಯಿತು. ಎಂಟು ಕೋರ್‌ಗಳ ರೈಜನ್ ಅನ್ನು ಅದರ ಅರ್ಧ ಕೋರ್‌ಗಳನ್ನು ಮಲಗಿಸಿಬಿಡುವ ‘ಗೇಮ್ ಮೋಡ್’ನಲ್ಲಿಟ್ಟು ಅಳೆಯಲಾಗಿತ್ತೆಂಬುದು ಬಳಿಕ ಹೊರಬಿತ್ತು, ಮರುಪರೀಕ್ಷೆಯಲ್ಲಿ ಅಂತರ ಕುಗ್ಗಿತು. 2024ರಲ್ಲಿ, ಕಂಪ್ಯೂಟರ್ ವೇಗದ ಪರೀಕ್ಷೆಗಳನ್ನು ರೂಪಿಸುವ ಸ್ಪೆಕ್ ಸಂಸ್ಥೆ, ಇಂಟೆಲ್ ಕಂಪೈಲರ್ ಒಂದು ನಿರ್ದಿಷ್ಟ ಪರೀಕ್ಷೆಗೆಂದೇ ಹೊಂದಿಸಿಕೊಂಡ ಸುಧಾರಣೆಯನ್ನು ಬಳಸಿದ್ದ ಕಾರಣಕ್ಕೆ, 2,600ಕ್ಕೂ ಹೆಚ್ಚು ಫಲಿತಾಂಶಗಳನ್ನು ಅಮಾನ್ಯವೆಂದು ಗುರುತಿಸಿತು. ಮಾರುವವನೇ ಮಾಡಿಸಿದ ಒಂದೇ ಪರೀಕ್ಷೆಯನ್ನು ನಂಬಿ ಹಣ ಎಣಿಸಬಾರದೆಂದು ನಾನು ಹೇಳುವುದು ಇದಕ್ಕಾಗಿ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂರು ವಿಮರ್ಶೆಗಳಲ್ಲಿ ಅದೇ ಮಾದರಿಯ ಲ್ಯಾಪ್‌ಟಾಪಿಗೆ ಸಿಕ್ಕ ಅಂಕಗಳು ಹತ್ತಿರ ಹತ್ತಿರ ಇದ್ದರೆ ಮಾತ್ರ ಆ ಅಂಕಕ್ಕೆ ಬೆಲೆ.

ಪೂರ್ತಿ ಮಾದರಿ ಸಂಖ್ಯೆ ಕೇಳಿ

ಜಾಹೀರಾತಿನಲ್ಲಿ ‘ಐ5, 4.4 ಗಿಗಾಹರ್ಟ್ಸ್’ ಎಂದಿದ್ದರೆ ಮಾಹಿತಿ ಅರ್ಧ ಮಾತ್ರ ಸಿಕ್ಕಿದೆ ಎಂದು ತಿಳಿಯಬೇಕು. ಇಂಟೆಲ್‌ನ ಮೂರು ಪ್ರೊಸೆಸರ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ: ಐ3-1215ಯು, ಐ5-1235ಯು, ಐ5-12450ಎಚ್. ಮೂರಕ್ಕೂ ಗರಿಷ್ಠ ಟರ್ಬೊ ವೇಗ 4.4 ಗಿಗಾಹರ್ಟ್ಸ್. ಮೊದಲನೆಯದರಲ್ಲಿ 6 ಕೋರ್, ಎರಡನೆಯದರಲ್ಲಿ 10, ಮೂರನೆಯದರಲ್ಲಿ 8. ಹಾಗಾದರೆ 10 ಕೋರ್‌ಗಳದ್ದೇ ಮೇಲೆಂದು ತೋರುತ್ತದೆ. ಫಲಕದ ಮೇಲೂ ಆ ಹತ್ತೇ ದೊಡ್ಡದಾಗಿರುತ್ತದೆ. ಆದರೆ ಆ ಹತ್ತರಲ್ಲಿ ಪೂರ್ಣ ಸಾಮರ್ಥ್ಯದ ಕೋರ್‌ಗಳು ಎರಡೇ, ಉಳಿದ ಎಂಟು ವಿದ್ಯುತ್ ಉಳಿಸುವ ಸಣ್ಣ ಕೋರ್‌ಗಳು. ಎಂಟರದ್ದರಲ್ಲಿ ನಾಲ್ಕು ದೊಡ್ಡವು, ನಾಲ್ಕು ಸಣ್ಣವು. ಇದಕ್ಕಿಂತ ಮುಖ್ಯವಾದ ಅಂಕಿ ಜಾಹೀರಾತಿನಲ್ಲಿ ಬರುವುದೇ ಇಲ್ಲ: ಯು ಅಕ್ಷರದ ಎರಡೂ 15 ವ್ಯಾಟ್ ಮೂಲ ಶಕ್ತಿಯವು (ದೀರ್ಘ ಕೆಲಸದಲ್ಲಿ ಬಳಸಲೆಂದು ನಿಗದಿಯಾದ ವಿದ್ಯುತ್), ಎಚ್ ಅಕ್ಷರದ್ದು 45 ವ್ಯಾಟಿನದು. ವಿಡಿಯೊ ಸಂಕಲನ, ಎಂಜಿನಿಯರಿಂಗ್ ವಿದ್ಯಾರ್ಥಿಗಳ ವಿನ್ಯಾಸ ತಂತ್ರಾಂಶ ಇಂಥ ದೀರ್ಘ ಕೆಲಸದಲ್ಲಿ, ಯಂತ್ರದ ತಂಪುವ್ಯವಸ್ಥೆ ಸರಿಯಾಗಿದ್ದರೆ, ಈ ಎಚ್ ಪ್ರೊಸೆಸರೇ ಸಾಮಾನ್ಯವಾಗಿ ಮುಂದಿರುತ್ತದೆ. ಟರ್ಬೊ ವೇಗವೆಂಬುದು ಕೆಲವು ಕ್ಷಣಗಳ ಜಿಗಿತ. ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನ ವೇಗಸೂಚಿಯ ಮುಳ್ಳು ಪಡುಬಿದ್ರಿಯ ಬಳಿ ಒಮ್ಮೆ ಎಲ್ಲಿಯವರೆಗೆ ಏರಿತು ಎಂಬುದರಿಂದ ಬಸ್ಸು ಎಷ್ಟು ಹೊತ್ತಿಗೆ ಮುಟ್ಟುತ್ತದೆಂದು ಹೇಳಲಾಗದು.

ಹೆಸರಿನೊಳಗಿನ ಅಂಕಿಗಳಲ್ಲೂ ಮೋಸಹೋಗಲು ಜಾಗವಿದೆ. 2022ರಲ್ಲಿ ಬಂದ ರೈಜನ್ 5 7520ಯು, ಹೆಸರಿನಿಂದ ಹೊಸ 7000 ಸರಣಿಯದ್ದಾದರೂ ಅದರ ಕೋರ್ ವಿನ್ಯಾಸ 2019ರ ಜೆನ್ 2. ಆ ಸರಣಿಯಲ್ಲಿ ವಿನ್ಯಾಸವನ್ನು ಹೇಳುವುದು ಮೂರನೆಯ ಅಂಕಿ: 7520ರಲ್ಲಿ 2, 7640ರಲ್ಲಿ 4. ಇದನ್ನೇ ಹಿಡಿದು 2023ರ ಡಿಸೆಂಬರ್‌ನಲ್ಲಿ ಎಎಂಡಿಯನ್ನು ಹಂಗಿಸುವ ಪ್ರಚಾರ ಸಾಮಗ್ರಿಯನ್ನು ಇಂಟೆಲ್ ಹೊರತಂದಿತು, ಟೀಕೆ ಬಂದಾಗ ಹಿಂತೆಗೆದುಕೊಂಡಿತು. ಹಳೆಯ ವಿನ್ಯಾಸಕ್ಕೆ ಹೊಸ ಹೆಸರಿಡುವ ಅಭ್ಯಾಸ ಇಂಟೆಲ್‌ಗೂ ಇದೆಯಲ್ಲ ಎಂಬುದೇ ಆ ಟೀಕೆ. ಗ್ರಾಫಿಕ್ಸ್ ಕಾರ್ಡಿನದ್ದೂ ಇದೇ ಕತೆ: ಆರ್‌ಟಿಎಕ್ಸ್ 4060 ಎಂದು ಅಂಟಿಸಿದ ಲ್ಯಾಪ್‌ಟಾಪ್‌ಗಳಲ್ಲಿ ಆ ಚಿಪ್ಪಿಗೆ ಸಿಗುವ ವಿದ್ಯುತ್ 35ರಿಂದ 115 ವ್ಯಾಟ್‌ವರೆಗೆ ಬೇರೆ ಬೇರೆ. ವ್ಯಾಟ್ ಎಷ್ಟೆಂದು ಕೇಳದೆ ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳಬೇಡಿ.

512 ಜಿಬಿ ಡಿಸ್ಕ್ ವಿಂಡೋಸ್‌ನಲ್ಲಿ ಸುಮಾರು 476 ಜಿಬಿ ಎಂದು ಕಾಣುವುದು ಎಣಿಕೆಯ ಪದ್ಧತಿ ಬೇರೆಯಾಗಿರುವುದರಿಂದ. ಇದಕ್ಕಾಗಿ ಅಂಗಡಿಯವರೊಂದಿಗೆ ಜಗಳ ಬೇಡ.

ಅಂಗಡಿಯಲ್ಲಿ ನೋಡುವುದು

ಪ್ರದರ್ಶನಕ್ಕಿಟ್ಟ ಲ್ಯಾಪ್‌ಟಾಪಿನಲ್ಲಿ, ಅಂಗಡಿಯವರನ್ನು ಕೇಳಿಯೇ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು ಮೇಲೆ ಒತ್ತಿದರೆ ಬಲ ಮೇಲ್ಗಡೆ ಪ್ರೊಸೆಸರಿನ ಪೂರ್ತಿ ಹೆಸರು, ಕೆಳಗೆ ಮೂಲ ವೇಗ ಮತ್ತು ಕೋರ್‌ಗಳ ಸಂಖ್ಯೆ ಕಾಣುತ್ತದೆ. ಮೆಮೊರಿ (ರ್ಯಾಮ್) ಮೇಲೆ ಒತ್ತಿದರೆ, ಅದನ್ನು ಕೂರಿಸುವ ಎಷ್ಟು ಸ್ಲಾಟ್‌ಗಳ ಪೈಕಿ ಎಷ್ಟು ತುಂಬಿವೆ ಎಂಬ ಸಾಲು ಬರುತ್ತದೆ. ಎರಡರಲ್ಲಿ ಒಂದೇ ತುಂಬಿದ್ದರೆ ರ್ಯಾಮ್ ಒಂದೇ ಹಾದಿಯಲ್ಲಿ ಕೆಲಸ ಮಾಡುತ್ತಿರುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಕ್ಕೆ ಇದು ಗಣನೀಯ ನಷ್ಟ. ಎರಡನೆಯ ರ್ಯಾಮ್ ಹಾಕಿಸಲು ಎಷ್ಟಾಗುತ್ತದೆಂದು ಅಲ್ಲೇ ಕೇಳಿ, ಚೌಕಾಸಿಗೂ ಅನುಕೂಲ.

ಅಂಗಡಿಯ ಏಸಿಯಲ್ಲಿ ಚುರುಕಾಗಿ ಓಡಿದ ಯಂತ್ರ ಮೇ ತಿಂಗಳ ಮಧ್ಯಾಹ್ನ ಮನೆಯ ಫ್ಯಾನಿನಡಿ ಹಾಗೆಯೇ ಓಡಬೇಕೆಂದಿಲ್ಲ. ಕರಾವಳಿಯ ತೇವ ನಮ್ಮನ್ನು ಕಾಡಿದಷ್ಟು ಪ್ರೊಸೆಸರನ್ನು ಕಾಡುವುದಿಲ್ಲ. ಅದಕ್ಕೆ ಲೆಕ್ಕ ಸುತ್ತಲಿನ ಗಾಳಿಯ ಶಾಖ ಮಾತ್ರ. ಒಳಗಿನ ಶಾಖ ಮಿತಿ ಮುಟ್ಟಿದೊಡನೆ ಅದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಆದ್ದರಿಂದ ಕೊಂಡ ಮೊದಲ ವಾರದಲ್ಲೇ, ಪ್ರೊಸೆಸರಿನ ವೇಗ ಅಳೆಯಲು ಉಚಿತವಾಗಿ ಸಿಗುವ ಸಿನೆಬೆಂಚ್ ತಂತ್ರಾಂಶವನ್ನು ಮೊದಲು ಒಂದು ಸುತ್ತು, ಅನಂತರ ಎಡೆಬಿಡದೆ ಹತ್ತು ನಿಮಿಷ ಓಡಿಸಿ, ಎರಡೂ ಅಂಕಗಳನ್ನು ಬರೆದಿಡಿ. ಸ್ವಲ್ಪ ಇಳಿಯುವುದು ಸಹಜ. ಮೂರನೇ ಒಂದು ಪಾಲು ಇಳಿದರೆ ಜಾಹೀರಾತಿನ ವೇಗ ಆ ಯಂತ್ರದಲ್ಲಿ ನಿಲ್ಲುತ್ತಿಲ್ಲವೆಂದೇ ಅರ್ಥ. ಪರೀಕ್ಷೆಯ ವೇಳೆ ಚಾರ್ಜರ್ ಚುಚ್ಚಿರಬೇಕು, ಪವರ್ ಮೋಡ್ ಉನ್ನತ ಸಾಮರ್ಥ್ಯದಲ್ಲಿರಬೇಕು. ಮಳೆಗಾಲದಲ್ಲಿ ಕರೆಂಟ್ ಹೋದ ಹೊತ್ತು ಬ್ಯಾಟರಿಯಲ್ಲಿ ಇನ್ನೊಮ್ಮೆ ಓಡಿಸಿದರೆ, ಕೆಲವು ಯಂತ್ರಗಳು ಎಷ್ಟು ಕುಸಿಯುತ್ತವೆಂದು ಕಂಡು ಆಶ್ಚರ್ಯವಾದೀತು.

ಹೇಳಿದ್ದೊಂದು, ಕೊಟ್ಟದ್ದೊಂದು ಆದರೆ

ಬಿಲ್ಲಿನಲ್ಲಿ ‘ಲ್ಯಾಪ್‌ಟಾಪ್ ಐ5’ ಎಂದಷ್ಟೇ ಬರೆಯಲು ಬಿಡದೆ ಪೂರ್ತಿ ಮಾದರಿ ಸಂಖ್ಯೆ ಹಾಕಿಸಿ. ಜಾಹೀರಾತಿನ ತುಣುಕನ್ನೋ ಮೊಬೈಲಿನ ಸ್ಕ್ರೀನ್‌ಶಾಟನ್ನೋ ತೆಗೆದಿಡಿ. ಮುಖ್ಯ ಮಾಹಿತಿಯನ್ನು ಬೇಕೆಂದೇ ಮರೆಮಾಚುವುದೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತೇ. ಅಂಥ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮೊದಲ ಬಾರಿ 10 ಲಕ್ಷ ರೂಪಾಯಿ, ಪುನರಾವರ್ತನೆಯಾದರೆ 50 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. 2022ರ ಮಾರ್ಗಸೂಚಿಯಲ್ಲಿ ಕನ್ನಡ ಓದುಗರು ಗಮನಿಸಬೇಕಾದ ನಿಯಮವೊಂದಿದೆ: ಜಾಹೀರಾತಿನ ಹೇಳಿಕೆ ಯಾವ ಭಾಷೆಯಲ್ಲಿದೆಯೋ ಅದರ ಅಡಿಟಿಪ್ಪಣಿಯೂ ಅದೇ ಭಾಷೆಯಲ್ಲಿರಬೇಕು. ‘ಎರಡು ಪಟ್ಟು ವೇಗ’ ಎಂದು ಕನ್ನಡದಲ್ಲಿ ಕೂಗಿ, ಷರತ್ತನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಹಾಕಿದ ಜಾಹೀರಾತು ಕಂಡರೆ ಅದೇ ಒಂದು ದೂರಿಗೆ ಸಾಕು.

ಮೊದಲು ಅಂಗಡಿಗೂ ಕಂಪನಿಗೂ ಲಿಖಿತವಾಗಿ ತಿಳಿಸಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಆನ್‌ಲೈನ್‌ನಲ್ಲಿ ಬೆಂಗಳೂರಿನದೋ ದೆಹಲಿಯದೋ ಮಾರಾಟಗಾರನಿಂದ ಕೊಂಡಿದ್ದರೂ, ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ, ಎಂದರೆ ದಕ್ಷಿಣ ಕನ್ನಡ ಅಥವಾ ಉಡುಪಿಯ ಆಯೋಗದಲ್ಲೇ, ದೂರು ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ದೂರಿನೊಂದಿಗೆ ಬಿಲ್ಲು, ಜಾಹೀರಾತಿನ ಪ್ರತಿ, ಟಾಸ್ಕ್ ಮ್ಯಾನೇಜರಿನ ಚಿತ್ರ ಮತ್ತು ಬರೆದಿಟ್ಟ ಆ ಎರಡು ಅಂಕಗಳನ್ನು ಲಗತ್ತಿಸಿ.